ಹಿತ್ತಲಲ್ಲಿ ಮಣ್ಣಿನ ಓವನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಬೆಂಗಳೂರಿನ ತಲಘಟ್ಟಪುರದ ಕಡೆ, ಮೂಲೆ ಸೈಟು. ಹಿತ್ತಲಲ್ಲಿರುವ ಮಣ್ಣಿನ ಗುಮ್ಮಟ ಪಕ್ಕದ ರಸ್ತೆಗೆ ಚೆನ್ನಾಗಿ ಕಾಣುತ್ತದೆ. ಕೊರಿಯರ್ ತಂದ ಹುಡುಗನೊಬ್ಬ "ಹುತ್ತಾನಾ ಸಾರ್? ಪೂಜೆ ಮಾಡ್ತೀರಾ?" ಎಂದು ಕೇಳಿದ್ದ. ಹುತ್ತ ಅಲ್ಲ, ಓವನ್. ನಾನೇ ಕಟ್ಟಿದ್ದು. ಇದು ಎರಡನೆಯದು. ಮೊದಲನೆಯದು ಕುಸಿದುಬಿತ್ತು. ಎರಡೂ ಸಲ ಕಲಿತದ್ದನ್ನು, ಬಂದವರು ಕೇಳುವ ಪ್ರಶ್ನೆಗಳ ಜೊತೆ ಇಲ್ಲಿ ಬರೆದಿದ್ದೇನೆ.

ಕಾಬ್ ಓವನ್ ಅಂದರೇನು?

ಜೇಡಿಮಣ್ಣು, ಮರಳು, ನೀರು, ಬೇಕಾದ ಕಡೆ ಒಂದಿಷ್ಟು ಒಣಹುಲ್ಲು. ಇವನ್ನು ಕಾಲಲ್ಲಿ ತುಳಿದು ಹದ ಮಾಡಿದ ಮುದ್ದೆಯೇ ಕಾಬ್. ಆ ಇಂಗ್ಲಿಷ್ ಪದದ ಮೂಲ ಅರ್ಥವೂ ಉಂಡೆ, ಮುದ್ದೆ ಅಂತಲೇ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಕಾಬ್‌ನಿಂದ ಕಟ್ಟಿದ ನೂರಾರು ವರ್ಷ ಹಳೆಯ ಮನೆಗಳಿವೆ. ನಮಗೆ ಇದೇನೂ ಹೊಸದಲ್ಲ. ಅಜ್ಜಿ ಮನೆಯ ಮಣ್ಣಿನ ಗೋಡೆ ನೋಡಿದವರಿಗೆ ಹೆಸರು ಮಾತ್ರ ಹೊಸದು.

ತಂದೂರಿಗೂ ಇದಕ್ಕೂ ಏನು ವ್ಯತ್ಯಾಸ?

ತಂದೂರಿನ ಬಾಯಿ ಮೇಲಿರುತ್ತದೆ. ಬೆಂಕಿ ತಳದಲ್ಲಿ ಉರಿಯುತ್ತಲೇ ಇರುತ್ತದೆ, ರೊಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆ. ಈ ಓವನ್ನಿಗೆ ಬಾಯಿ ಪಕ್ಕದಲ್ಲಿ. ಒಳಗೆ ಎರಡು ಮೂರು ಗಂಟೆ ಸೌದೆ ಉರಿಸಿ, ಕೆಂಡ ಎಳೆದು, ಮಣ್ಣು ಕುಡಿದಿಟ್ಟುಕೊಂಡ ಬಿಸಿಯಲ್ಲೇ ಬೇಯಿಸುವುದು. ಪಿಜ್ಜಾಕ್ಕೆ ಮಾತ್ರ ಬೆಂಕಿಯನ್ನು ಒಂದು ಪಕ್ಕಕ್ಕೆ ಸರಿಸಿ ಹಾಗೇ ಬಿಡುತ್ತೇವೆ.

ಬೆಂಗಳೂರಿನ ಕೆಂಪು ಮಣ್ಣು ಇದಕ್ಕೆ ಆಗುತ್ತಾ?

ಆಗುತ್ತೆ. ಚೆನ್ನಾಗೇ ಆಗುತ್ತೆ. ಆದರೆ ಪುಸ್ತಕದ ಅಳತೆ ಅದಕ್ಕೆ ಆಗುವುದಿಲ್ಲ. ನನ್ನ ಮೊದಲ ಓವನ್ ಬಿದ್ದದ್ದು ಇಲ್ಲೇ.

ಹೊರದೇಶದ ವಿವರಣೆಗಳಲ್ಲೆಲ್ಲ "1 ಪಾಲು ಜೇಡಿಗೆ 2ರಿಂದ 3 ಪಾಲು ಮರಳು" ಎಂದಿರುತ್ತದೆ. ಅದು ಅಪ್ಪಟ ಜೇಡಿಗೆ ಹೇಳಿದ ಲೆಕ್ಕ. ನಾನು ಪಕ್ಕದ ಸೈಟಿನಲ್ಲಿ ಪಾಯ ತೋಡಿದ್ದ ಕೆಂಪು ಮಣ್ಣು ತಂದು, ಅದನ್ನೇ ಜೇಡಿ ಎಂದುಕೊಂಡು, ಒಂದಕ್ಕೆ ಮೂರು ಮರಳು ಹಾಕಿದೆ. ನಮ್ಮ ಕೆಂಪು ಮಣ್ಣಿನಲ್ಲಿ ಮೊದಲೇ ಮರಳಿರುತ್ತದೆ, ಅಲ್ವಾ? ಆ ಮಣ್ಣಿನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಜೇಡಿ ಇತ್ತು. ಅಂದರೆ ನನ್ನ ಮಿಶ್ರಣದಲ್ಲಿ ಜೇಡಿ ಇದ್ದದ್ದು ಹನ್ನೆರಡರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಮರಳು, ಧೂಳು. ಹಿಡಿದುಕೊಳ್ಳಲು ಅಂಟೇ ಇಲ್ಲ. ಗುಮ್ಮಟ ಕಟ್ಟುವಾಗ ಅಚ್ಚಿನ ಹಾಗೆ ಒಳಗೆ ಗುಡ್ಡೆ ಹಾಕಿದ್ದ ಮರಳು ತೆಗೆಯುತ್ತಿದ್ದಂತೆ ಮೇಲ್ಭಾಗ ಮೆತ್ತಗೆ ಕೂತುಬಿಟ್ಟಿತು. ಸದ್ದೂ ಇಲ್ಲ.

ಎರಡನೇ ಸಲ ಅದೇ ಮಣ್ಣು, ಆದರೆ 4 ಬಾಂಡ್ಲಿ ಮಣ್ಣಿಗೆ 1 ಬಾಂಡ್ಲಿ ಮರಳು. ಅದೇ ಈಗ ನಿಂತಿರುವುದು. ನಿಮ್ಮ ಮಣ್ಣಿಗೂ ಇದೇ ಅಳತೆ ಅಂತಲ್ಲ. ಒಂದೇ ಬಡಾವಣೆಯಲ್ಲಿ ಎರಡು ಸೈಟಿನ ಮಣ್ಣು ಬೇರೆ ಬೇರೆ ಇರುತ್ತದೆ.

ಮೇಲ್ಮಣ್ಣು ಬೇಡ. ಅದರಲ್ಲಿ ಬೇರು, ಗೊಬ್ಬರದ ಅಂಶ ಇರುತ್ತದೆ. ಎರಡು ಮೂರು ಅಡಿ ಕೆಳಗಿನದು ತೆಗೆದುಕೊಳ್ಳಿ. ಮನೆ ಕಟ್ಟುವ ಜಾಗದಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ, ಸಾಗಿಸುವ ಖರ್ಚು ನಿಮ್ಮದು. ಸಿಮೆಂಟ್ ಚೂರು, ಮೊಳೆ, ಪ್ಲಾಸ್ಟಿಕ್ ಬೆರೆತ ಡೆಬ್ರಿಸ್ ಮಣ್ಣು ಮಾತ್ರ ಬೇಡ.

ಮಣ್ಣಿನಲ್ಲಿ ಜೇಡಿ ಎಷ್ಟಿದೆ ಅಂತ ತಿಳಿಯೋದು ಹೇಗೆ?

ಮೂರು ಪರೀಕ್ಷೆ ಮಾಡಿ. ದುಡ್ಡು ಖರ್ಚಿಲ್ಲ.

ಮೊದಲನೆಯದು ಬಾಟಲಿ ಪರೀಕ್ಷೆ. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಪುಡಿ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ. ಮುಂದಿನ ಕೆಲವು ಗಂಟೆಯಲ್ಲಿ ನುಣ್ಣನೆಯ ಧೂಳು ಕೂರುತ್ತದೆ. ಎಲ್ಲಕ್ಕಿಂತ ಮೇಲೆ, ನಿಧಾನವಾಗಿ, ಒಂದು ದಿನಕ್ಕೂ ಜಾಸ್ತಿ ತೆಗೆದುಕೊಂಡು ಕೂರುವುದೇ ಜೇಡಿ. ಮೂರು ಪದರ ಕಣ್ಣಿಗೆ ಕಾಣುತ್ತದೆ. ಸ್ಕೇಲ್ ಇಟ್ಟು ಅಳೆಯಿರಿ. ಇದು ಅಂದಾಜು ಮಾತ್ರ, ಆದರೆ ನನ್ನಂತೆ ಮೋಸ ಹೋಗದಿರಲು ಸಾಕು.

ಎರಡನೆಯದು ಕೈಗೆ ಬಿಟ್ಟದ್ದು. ಒದ್ದೆ ಮಣ್ಣನ್ನು ಕೋಡುಬಳೆಗೆ ಹೊಸೆದ ಹಾಗೆ ಬೆರಳು ದಪ್ಪ ಹೊಸೆಯಿರಿ. ಬೆರಳಿಗೆ ಸುತ್ತಿದರೂ ಮುರಿಯದಿದ್ದರೆ ಜೇಡಿ ಧಾರಾಳವಾಗಿದೆ. ಹೊಸೆಯುವಾಗಲೇ ತುಂಡಾದರೆ ಆ ಮಣ್ಣು ಬಿಟ್ಟುಬಿಡಿ, ಅಥವಾ ಹೊರಗಿನಿಂದ ಜೇಡಿ ತಂದು ಸೇರಿಸಿ.

ಮೂರನೆಯದೇ ನಿಜವಾದ ತೀರ್ಪು. ಮಣ್ಣಿಗೆ ಮರಳು ಹಾಕದೆ ಒಂದು, ಸ್ವಲ್ಪ ಹಾಕಿ ಒಂದು, ಸಮ ಸಮ ಹಾಕಿ ಒಂದು, ಹೀಗೆ ಸೋಪಿನಷ್ಟು ದೊಡ್ಡ ಬಿಲ್ಲೆಗಳನ್ನು ಮಾಡಿ. ಮೇಲೆ ಅಳತೆ ಗೀಚಿ ನೆರಳಲ್ಲಿ ಒಂದು ವಾರ ಒಣಗಿಸಿ. ಬಿರುಕು ಬಿಟ್ಟದ್ದರಲ್ಲಿ ಜೇಡಿ ಜಾಸ್ತಿ. ಹೆಬ್ಬೆರಳಿನಲ್ಲಿ ಉಜ್ಜಿದರೆ ಪುಡಿ ಉದುರುವುದರಲ್ಲಿ ಮರಳು ಜಾಸ್ತಿ. ಬಿರುಕೂ ಇಲ್ಲ, ಪುಡಿಯೂ ಇಲ್ಲ ಎನ್ನುವ ಬಿಲ್ಲೆಯ ಅಳತೆಯೇ ನಿಮ್ಮ ಅಳತೆ. ಈ ಒಂದು ವಾರ ಕಾಯಲು ಆಗದವರು ಓವನ್ ಕಟ್ಟಲು ಹೋಗಬಾರದು ಎನ್ನುವುದು ನನ್ನ ಅಭಿಪ್ರಾಯ. ನಾನೇ ಕಾದಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಜೇಡಿ ಎಲ್ಲಿ ಸಿಗುತ್ತದೆ?

ಕುಂಬಾರರ ಹತ್ತಿರ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ಇನ್ನೂ ಕುಂಬಾರ ಕುಟುಂಬಗಳಿವೆ. ಹಣತೆ, ಗಣೇಶ ಮಾಡುವ ಹದವಾದ ಮಣ್ಣು ಅಲ್ಲಿರುತ್ತದೆ. ಗೌರಿ ಹಬ್ಬದ ಹಿಂದಿನ ತಿಂಗಳು ಮಾತ್ರ ಹೋಗಬೇಡಿ, ಅವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ.

ಉತ್ತರ ಕರ್ನಾಟಕದ ಗೆಳೆಯರು ಎರೆಮಣ್ಣು ಆಗುತ್ತಾ ಎಂದು ಕೇಳುತ್ತಾರೆ. ಬೇಡ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹೊಲದಲ್ಲಿ ನೋಡಿರುತ್ತೀರಿ. ಕೆಂಪು ಮಣ್ಣಿನ ಜೇಡಿ ಅಷ್ಟು ಕುಗ್ಗುವುದಿಲ್ಲ.

ಬಕೆಟ್‌ನಲ್ಲಿ ಬಿಟ್ಟ ಗಣೇಶನ ಮಣ್ಣು ಬಳಸಬಹುದಾ?

ಜೇಡಿಯಾಗಿ ನೋಡಿದರೆ ಒಳ್ಳೆಯ ಜೇಡಿ. ಬಣ್ಣ ಹಚ್ಚಿರದಿದ್ದರೆ, ಪ್ಲಾಸ್ಟರ್ ಆಫ್ ಪ್ಯಾರಿಸ್ ಅಲ್ಲದಿದ್ದರೆ ಆಗುತ್ತದೆ. ಆದರೆ ಈ ಮಣ್ಣನ್ನು ಕಾಲಲ್ಲಿ ತುಳಿಯಬೇಕಲ್ಲ. ನಮ್ಮಮ್ಮ "ಬಪ್ಪನ್ನ ತುಳೀತೀಯೇನೋ" ಎಂದು ಒಂದೇ ಮಾತು ಹೇಳಿ ಬಕೆಟ್ ಎತ್ತಿಕೊಂಡು ಹೋಗಿ ದಾಸವಾಳದ ಬುಡಕ್ಕೆ ಸುರಿದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಮರಳು ಯಾವುದು? ಎಂ-ಸ್ಯಾಂಡ್ ನಡೆಯುತ್ತಾ?

ನಡೆಯುತ್ತೆ. ಎಂ-ಸ್ಯಾಂಡ್ ಅಂದರೆ ಕಲ್ಲು ಪುಡಿ ಮಾಡಿ ತೆಗೆದ ಮರಳು. ಅದರ ಕಾಳಿಗೆ ಮೂಲೆ, ಅಂಚು ಇರುವುದರಿಂದ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತದೆ. ಜರಡಿ ಹಿಡಿದು ದಪ್ಪ ಚೂರು ತೆಗೆಯಿರಿ. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿಕೊಂಡೇ ಜರಡಿ ಹಿಡಿಯಿರಿ. ಸಮುದ್ರದ ಮರಳು ಬೇಡ, ಅದರಲ್ಲಿ ಉಪ್ಪು, ಚಿಪ್ಪಿನ ಚೂರು ಇರುತ್ತದೆ.

ಗಟ್ಟಿಗಿರಲಿ ಅಂತ ಒಂದಿಷ್ಟು ಸಿಮೆಂಟ್ ಸೇರಿಸಿದರೆ?

ನಮ್ಮ ಗಾರೆ ಮೇಸ್ತ್ರಿಯ ಸಲಹೆಯೂ ಇದೇ. "ಒಂದು ಮೂಟೆ ಹಾಕ್ಬಿಡಿ ಸಾರ್, ಯಾಕ್ ಕಷ್ಟ ಪಡ್ತೀರಾ" ಅಂದಿದ್ದರು. ಬೇಡ. ಸಿಮೆಂಟ್ ಗಟ್ಟಿಯಾಗುವುದು ನೀರಿನ ಜೊತೆ ಕೂಡಿ. 300-400 ಡಿಗ್ರಿ ಬಿಸಿ ತಾಗಿದರೆ ಆ ನೀರು ಬಿಟ್ಟುಹೋಗಿ ಅದು ಪುಡಿಯಾಗತೊಡಗುತ್ತದೆ. ಈ ಓವನ್ನಿನ ಒಳಮೈ ಅದಕ್ಕೂ ಜಾಸ್ತಿ ಕಾಯುತ್ತದೆ. ಜೇಡಿ ಹಾಗಲ್ಲ. ಬೆಂಕಿ ತಾಗಿದಷ್ಟು ಭಾಗ ಮಡಕೆಯ ಹಾಗೆ ಸುಟ್ಟು ಗಟ್ಟಿಯಾಗುತ್ತದೆ.

ಮನೆ ಗೋಡೆಯ ಮಣ್ಣಿನ ಇಟ್ಟಿಗೆಗೆ ಸ್ವಲ್ಪ ಸಿಮೆಂಟ್ ಸೇರಿಸುತ್ತಾರಲ್ಲ ಎಂದು ಕೇಳಬಹುದು. ಹೌದು. 1974ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ಶುರುವಾದ ಅಸ್ತ್ರ ಕೇಂದ್ರ ಅಂಥ ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದೆ. ಬೆಂಗಳೂರಿನಲ್ಲಿ ಅಂಥ ಮನೆಗಳು ಎಷ್ಟೋ ಇವೆ. ಆದರೆ ಅಲ್ಲಿ ಸಿಮೆಂಟ್ ಇರುವುದು ಮಳೆ ತಡೆಯಲು. ಗೋಡೆಯ ಒಳಗೆ ಯಾರೂ ಬೆಂಕಿ ಹಾಕುವುದಿಲ್ಲ.

ಯಾವ ತಿಂಗಳಲ್ಲಿ ಕಟ್ಟಬೇಕು?

ಸಂಕ್ರಾಂತಿ ಮುಗಿದ ಮೇಲೆ ಶುರು ಮಾಡಿ, ಯುಗಾದಿಯ ಒಳಗೆ ಮುಗಿಸಿ. ಜನವರಿ, ಫೆಬ್ರವರಿಯಲ್ಲಿ ಮಳೆ ಇಲ್ಲವೆಂದೇ ಹೇಳಬೇಕು, ಗಾಳಿಯೂ ಒಣ. ಏಪ್ರಿಲ್ ಮೇ ಬಂತೆಂದರೆ ಸಂಜೆ ಗುಡುಗು ಮಳೆ. ಸೆಪ್ಟೆಂಬರ್, ಅಕ್ಟೋಬರ್ ಯೋಚನೆಯೇ ಬೇಡ.

ಟೆರೇಸ್ ಮೇಲೆ ಕಟ್ಟಬಹುದಾ?

ದಯವಿಟ್ಟು ಬೇಡ. ಲೆಕ್ಕ ಹಾಕಿ ನೋಡಿ. ನನ್ನ ಓವನ್ನಿನ ಒಳಪದರವೇ ಸುಮಾರು 180 ಕೆಜಿ, ಹೊರಗಿನ ಪದರ ನೂರಕ್ಕೂ ಜಾಸ್ತಿ. ಕೆಳಗಿನ ಕಲ್ಲಿನ ಕಟ್ಟೆ ಎರಡು ಟನ್ ದಾಟುತ್ತದೆ. ಓಡಾಡುವ ಟೆರೇಸ್‌ಗೆ ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಭಾರದ ಲೆಕ್ಕದಲ್ಲಿ ಡಿಸೈನ್ ಮಾಡಿರುತ್ತಾರೆ. ಇದು ಒಂದೂವರೆ ಚದರ ಮೀಟರ್ ಜಾಗದ ಮೇಲೆ ಎರಡೂವರೆ ಟನ್. ಟೆರೇಸ್ ಮಾತ್ರ ಇರುವವರು ಕಬ್ಬಿಣದ ಸ್ಟ್ಯಾಂಡಿನ ಮೇಲೆ ತೀರ ಚಿಕ್ಕದೊಂದು ಮಾಡಬೇಕು, ಅದೂ ಎಂಜಿನಿಯರ್ ಒಬ್ಬರಿಗೆ ತೋರಿಸಿದ ಮೇಲೆ.

ಅಳತೆ ಎಷ್ಟಿರಬೇಕು?

ಒಳಗಿನ ಅಗಲ 27 ಇಂಚು, ಎತ್ತರ 16 ಇಂಚು. ನಾಲ್ಕೈದು ಜನರ ಮನೆಗೆ ಇದು ಸಾಕು, ಎರಡು ಪಿಜ್ಜಾ ಒಟ್ಟಿಗೆ ಹಿಡಿಯುತ್ತವೆ. ದೊಡ್ಡದು ಮಾಡಿದಷ್ಟೂ ಸೌದೆ ತಿನ್ನುತ್ತದೆ.

ಒಂದು ಅಳತೆಯಲ್ಲಿ ಮಾತ್ರ ರಾಜಿ ಬೇಡ. ಬಾಗಿಲಿನ ಎತ್ತರ ಒಳಗಿನ ಎತ್ತರದ ಶೇಕಡ 63ರಷ್ಟಿರಬೇಕು. 16 ಇಂಚಿಗೆ 10 ಇಂಚು. ಚಿಮಣಿ ಇಲ್ಲದ ಓವನ್ ಉಸಿರಾಡುವುದು ಈ ಬಾಯಿಂದಲೇ. ತಣ್ಣನೆ ಗಾಳಿ ಬಾಗಿಲಿನ ಕೆಳಗಿನಿಂದ ಒಳಗೆ ಹೋಗಿ, ಹೊಗೆ ಅದೇ ಬಾಗಿಲಿನ ಮೇಲ್ಭಾಗದಿಂದ ಹೊರಗೆ ಬರುತ್ತದೆ. ಬಾಗಿಲು ತೀರ ಗಿಡ್ಡವಾದರೆ ಬೆಂಕಿಗೆ ಉಸಿರು ಕಟ್ಟುತ್ತದೆ. ಎತ್ತರವಾದರೆ ಬಿಸಿಯೆಲ್ಲ ಹೊಗೆಯ ಜೊತೆ ಆಚೆ. ಅಗಲ 12-13 ಇಂಚು ಇರಲಿ, ನಿಮ್ಮ ತಟ್ಟೆ ಒಳಗೆ ಹೋಗಬೇಕು.

ಕಟ್ಟೆ ಮತ್ತು ಒಳಗಿನ ನೆಲ ಹೇಗೆ?

ಕಟ್ಟೆ ಸೊಂಟದ ಎತ್ತರಕ್ಕಿರಲಿ. ಸೈಜುಗಲ್ಲು, ಸಾಲಿಡ್ ಬ್ಲಾಕ್, ಹಳೆ ಇಟ್ಟಿಗೆ, ಏನಾದರೂ ಸರಿ. ಇಲ್ಲಿ ಸಿಮೆಂಟ್ ಹಾಕಿದರೆ ತೊಂದರೆ ಇಲ್ಲ, ಇಷ್ಟು ಕೆಳಗೆ ಬಿಸಿ ಬರುವುದಿಲ್ಲ.

ಕಟ್ಟೆಯ ಮೇಲೆ ಬಿಸಿ ತಡೆಯುವ ಪದರ ಬೇಕು. ಇಲ್ಲದಿದ್ದರೆ ನಿಮ್ಮ ಸೌದೆ ಕಲ್ಲು ಕಾಯಿಸಲಿಕ್ಕೇ ಆಯಿತು. ಗುಜರಿಯಲ್ಲಿ ಖಾಲಿ ಬಿಯರ್ ಬಾಟಲಿ ತಂದು ಒತ್ತೊತ್ತಾಗಿ ಮಲಗಿಸಿ. ನಡುವಿನ ಸಂದಿಗೆ ಜೇಡಿ ನೀರಿನಲ್ಲಿ ಕಲಸಿದ ಭತ್ತದ ಹೊಟ್ಟು ತುಂಬಿ. ಬಾಟಲಿಯೊಳಗಿನ ಗಾಳಿಯೇ ಬಿಸಿ ಕೆಳಗಿಳಿಯದಂತೆ ತಡೆಯುತ್ತದೆ. ನಾನು 40 ಬಾಟಲಿ ಹೊತ್ತು ತಂದ ದಿನ ಪಕ್ಕದ ಮನೆಯ ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ.

ಅದರ ಮೇಲೆ ಎರಡು ಇಂಚು ಮರಳು ಹಾಸಿ ಮಟ್ಟ ಮಾಡಿ, ಫೈರ್ ಬ್ರಿಕ್, ಅಂದರೆ ಜೋರು ಬೆಂಕಿ ತಾಳುವ ಇಟ್ಟಿಗೆ, ಜೋಡಿಸಿ. ಗಾರೆ ಬೇಡ, ಒಂದಕ್ಕೊಂದು ಒತ್ತಿ ಕೂರಿಸಿದರೆ ಸಾಕು. ಒಂದು ಇಟ್ಟಿಗೆಯೂ ಮೇಲೆದ್ದಿರಬಾರದು, ಪಿಜ್ಜಾ ಸೌಟು ಸಿಕ್ಕಿಕೊಳ್ಳುತ್ತದೆ. 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ ಇಟ್ಟಿಗೆಯಾದರೆ 25ರಿಂದ 30 ಬೇಕಾಗುತ್ತವೆ. ಇಡೀ ಕೆಲಸದಲ್ಲಿ ದುಡ್ಡು ಹೋಗುವುದು ಇಲ್ಲೇ. ಗ್ರಾನೈಟ್ ಚಪ್ಪಡಿ ಹಾಕುವ ಆಸೆ ಬೇಡ, ಬಿಸಿಗೆ ಸೀಳುತ್ತದೆ.

ಗುಮ್ಮಟ ನಿಲ್ಲೋದು ಹೇಗೆ?

ಒಳಗೆ ಮರಳಿನ ಗುಡ್ಡೆ ಇರುತ್ತದೆ. ಸಮುದ್ರದ ದಡದಲ್ಲಿ ಮಕ್ಕಳು ಕಟ್ಟುವ ಗೂಡಿನ ಹಾಗೆ, ಒದ್ದೆ ಮರಳನ್ನು ಇಟ್ಟಿಗೆಯ ಮೇಲೆ ತಟ್ಟಿ ತಟ್ಟಿ ಗುಮ್ಮಟ ಮಾಡಿ. ನಡುವೆ 16 ಇಂಚಿನ ಕಡ್ಡಿ ನಿಲ್ಲಿಸಿಕೊಂಡರೆ ಎತ್ತರ ತಪ್ಪುವುದಿಲ್ಲ. ಮೇಲೆ ಒದ್ದೆ ನ್ಯೂಸ್‌ಪೇಪರ್ ಅಂಟಿಸಿ. ಆಮೇಲೆ ಒಳಗಿನಿಂದ ಮರಳು ತೋಡುವಾಗ ಪೇಪರ್ ಕಂಡ ಕಡೆ ನಿಲ್ಲಿಸಬೇಕು, ಅದಕ್ಕೇ ಅದು.

ಈಗ ಮಣ್ಣು. ಟಾರ್ಪಾಲಿನ ಮೇಲೆ ಮಣ್ಣು ಮರಳು ಸುರಿದು, ಕಡಿಮೆ ನೀರು ಹಾಕಿ, ತುಳಿಯಿರಿ. ಟಾರ್ಪಾಲಿನ ಒಂದು ಅಂಚು ಎಳೆದು ಮಗುಚಿ ಮತ್ತೆ ತುಳಿಯಿರಿ. ಉಂಡೆ ಮಾಡಿ ಎದೆಯೆತ್ತರದಿಂದ ನೆಲಕ್ಕೆ ಬಿಟ್ಟರೆ ಅದು ಚೂರಾಗಬಾರದು, ಸಗಣಿಯ ಹಾಗೆ ಹರಡಲೂಬಾರದು. ಈ ಒಳಪದರಕ್ಕೆ ಹುಲ್ಲು ಹಾಕಬೇಡಿ, ಸುಟ್ಟುಹೋಗಿ ತೂತು ಬೀಳುತ್ತದೆ.

ಬುಡದಿಂದ ಶುರು ಮಾಡಿ ಸುತ್ತಲೂ ನಾಲ್ಕು ಇಂಚು ದಪ್ಪ ಕಟ್ಟುತ್ತ ಮೇಲೇರಿ. ಮಣ್ಣನ್ನು ಮರಳಿನ ಕಡೆಗೆ ಒತ್ತಬೇಡಿ, ಗುಡ್ಡೆಯ ಆಕಾರ ಕೆಡುತ್ತದೆ. ಕೆಳಗಿನ ಮಣ್ಣಿನ ಮೇಲೆ ಒತ್ತಿ. ಇದನ್ನು ಒಂದೇ ದಿನದಲ್ಲಿ ಮುಗಿಸಬೇಕು. ನಾಲ್ಕು ಜನ ಇದ್ದರೆ ಬೆಳಿಗ್ಗೆ ತಿಂಡಿ ತಿಂದು ಶುರು ಮಾಡಿ ಸಂಜೆ ಕಾಫಿಗೆ ಮುಗಿಯುತ್ತದೆ. ಮಕ್ಕಳನ್ನು ತುಳಿಯಲು ಬಿಡಿ, ಆದರೆ ಮಣ್ಣಿನಲ್ಲಿ ಗಾಜಿನ ಚೂರಿಲ್ಲ ಎಂದು ನೋಡಿಕೊಂಡು.

ಬೆರಳಲ್ಲಿ ಒತ್ತಿದರೆ ತಗ್ಗು ಬೀಳದಷ್ಟು ಬಿಗಿಯಾದ ಮೇಲೆ ಬಾಗಿಲು ಕತ್ತರಿಸಿ, ಮರಳು ತೆಗೆಯಿರಿ. ನನಗೆ ಫೆಬ್ರವರಿಯಲ್ಲಿ ಎರಡು ದಿನ ಹಿಡಿಯಿತು. ಒಂದು ವಾರ ಬಿಟ್ಟು ಹೊರಪದರ. ಜೇಡಿಯನ್ನು ಮಜ್ಜಿಗೆ ಹದಕ್ಕೆ ಕದಡಿ, ಅದರಲ್ಲಿ ಕತ್ತರಿಸಿದ ಭತ್ತದ ಹುಲ್ಲು ಅಥವಾ ಮರದ ಹೊಟ್ಟು ಕಲಸಿ ಇನ್ನೊಂದು ನಾಲ್ಕು ಇಂಚು. ಇದು ಓವನ್ನಿನ ಕಂಬಳಿ. ಹುಲ್ಲು ಹಸು ಸಾಕುವವರ ಹತ್ತಿರ ಸಿಗುತ್ತದೆ, ಬೆಂಗಳೂರಲ್ಲಿ ಇನ್ನೂ ಇದ್ದಾರೆ.

ಬಿರುಕು ಬಿಟ್ಟಿದೆ. ಏನು ಮಾಡಲಿ?

ಕೂದಲೆಳೆಯಷ್ಟಿದ್ದರೆ ಏನೂ ಮಾಡಬೇಡಿ. ಎಲ್ಲ ಓವನ್ನೂ ಬಿರುಕು ಬಿಡುತ್ತದೆ. ಬಿಸಿಯಾದಾಗ ಹಿಗ್ಗಿ ತಣ್ಣಗಾದಾಗ ಕುಗ್ಗುವ ವಸ್ತು ಅದು. ಬೆರಳು ತೂರುವಷ್ಟಿದ್ದರೆ ಒದ್ದೆ ಮಾಡಿ ಅದೇ ಮಿಶ್ರಣ ತುಂಬಿ. ಮೊದಲ ವಾರ ದೊಡ್ಡ ಬೆಂಕಿ ಹಾಕಿದರೆ ಒಳಗಿನ ನೀರು ಆವಿಯಾಗಿ ನುಗ್ಗಿ ಮಣ್ಣು ಸಿಡಿಯುತ್ತದೆ. ದಿನವೂ ಸಂಜೆ ಒಂದು ಹಿಡಿ ಪುರಳೆ, ಎರಡು ತೆಂಗಿನ ಚಿಪ್ಪು, ಅಷ್ಟೇ ಉರಿಸಿ ನಿಧಾನವಾಗಿ ಒಣಗಿಸಿ.

ಮಳೆ ಬಂದರೆ?

ಸೂರು ಬೇಕೇ ಬೇಕು. ಸುಣ್ಣದ ಗಿಲಾವು, ಸಗಣಿ ಸಾರಣೆ ಎಲ್ಲ ತುಂತುರಿಗೆ ಸರಿ, ಬೆಂಗಳೂರಿನ ಅಕ್ಟೋಬರ್ ಮಳೆಗೆ ಅಲ್ಲ. ನಾಲ್ಕು ಕಬ್ಬಿಣದ ಕಂಬ, ಮೇಲೆ ತಗಡಿನ ಶೀಟು. ಪ್ಲಾಸ್ಟಿಕ್ ಶೀಟ್ ಬೇಡ. ಟಾರ್ಪಾಲು ಹೊದಿಸಿ ಬಿಡುವವರೂ ಇದ್ದಾರೆ. ಒಳಗೆ ತೇವ ನಿಂತು ಮಣ್ಣು ಮೆತ್ತಗಾಗುತ್ತದೆ.

ಸೌದೆ ಯಾವುದು?

ಸೌದೆ ಡಿಪೋದಲ್ಲಿ ಸಿಗುವ ಸರ್ವೆ, ಜಾಲಿ, ನೀಲಗಿರಿ, ಯಾವುದಾದರೂ ಸರಿ. ಚೆನ್ನಾಗಿ ಒಣಗಿರಬೇಕು, ಮಣಿಕಟ್ಟಿನಷ್ಟು ದಪ್ಪಕ್ಕೆ ಸೀಳಿರಬೇಕು. ಪ್ಲೈವುಡ್, ಬಣ್ಣ ಹಚ್ಚಿದ ಹಳೆ ಬಾಗಿಲು, ಪ್ಯಾಕಿಂಗ್ ಹಲಗೆ ಬೇಡ. ಅದರ ವಿಷ ನಿಮ್ಮ ಊಟಕ್ಕೇ ಬರುತ್ತದೆ. ಕಸ ಸುಡಲು ಈ ಓವನ್ ಬಳಸಬೇಡಿ, ಊರಲ್ಲಿ ಕಸ ಸುಟ್ಟರೆ ದಂಡವೂ ಇದೆ.

ಅಸ್ತ್ರ ಒಲೆಯ ಹಾಗೆ ಇದೂ ಸೌದೆ ಉಳಿಸುತ್ತಾ?

ಇಲ್ಲ. ಅಸ್ತ್ರ ಒಲೆ ಮೇಲೆ ಹೇಳಿದ ಅದೇ ಅಸ್ತ್ರ ಕೇಂದ್ರದವರು ದಿನದ ಅಡುಗೆಗೆ, ಕಡಿಮೆ ಸೌದೆ, ಕಡಿಮೆ ಹೊಗೆ ಎಂದೇ ರೂಪಿಸಿದ್ದು. ಇದು ಮೊದಲು ಕಾಲು ಟನ್‌ನಷ್ಟು ಮಣ್ಣನ್ನೂ ಇಟ್ಟಿಗೆಯನ್ನೂ ಕಾಯಿಸಿ ಆಮೇಲೆ ಅಡುಗೆ ಮಾಡುವ ವಸ್ತು. ನಾಲ್ಕು ಚಪಾತಿಗೆ ಇದನ್ನು ಹೊತ್ತಿಸಿದರೆ ದಂಡ. ತಿಂಗಳಿಗೆ ಎರಡು ಸಲ, ಜನ ಸೇರಿದಾಗ, ಒಂದೇ ಬಿಸಿಯಲ್ಲಿ ಐದಾರು ಅಡುಗೆ ತೆಗೆಯುವುದಾದರೆ ಸರಿ.

ಬಿಸಿ ಸಾಕು ಅಂತ ಗೊತ್ತಾಗೋದು ಹೇಗೆ? ಏನೇನು ಬೇಯಿಸಬಹುದು?

ಗುಮ್ಮಟದ ಒಳಮೈ ಮೊದಲು ಮಸಿ ಹಿಡಿದು ಕಪ್ಪಾಗುತ್ತದೆ. ಬಿಸಿ ಏರಿದಾಗ ಆ ಮಸಿಯೇ ಸುಟ್ಟುಹೋಗಿ ಮಣ್ಣಿನ ಬಣ್ಣ ತಿರುಗಿ ಕಾಣುತ್ತದೆ. ಅದು ಪಿಜ್ಜಾದ ಹೊತ್ತು. ನೆಲ 400 ಡಿಗ್ರಿಯ ಹತ್ತಿರ ಇರುತ್ತದೆ, ಎರಡು ಮೂರು ನಿಮಿಷ ಸಾಕು, ಆಚೀಚೆ ನೋಡಿದರೆ ಸೀದುಹೋಗುತ್ತದೆ.

ಪಿಜ್ಜಾ ಮುಗಿದ ಮೇಲೆ ಕೆಂಡ ಎಳೆದು, ಒದ್ದೆ ಗೋಣಿಯಲ್ಲಿ ನೆಲ ಒರೆಸಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಒಂದು ಚಿಟಿಕೆ ಮೈದಾ ಎಸೆಯಿರಿ. ತಕ್ಷಣ ಕಪ್ಪಾದರೆ ಇನ್ನೂ ಕಾಯಿರಿ. ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಬ್ರೆಡ್ ಇಡಬಹುದು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಹೋಗುವುದು ಖಾರಾ ಬನ್. ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿದ್ದು. ಅಯ್ಯಂಗಾರ್ ಬೇಕರಿಯದಷ್ಟು ಮೆತ್ತಗೆ ನನಗೆ ಇನ್ನೂ ಬಂದಿಲ್ಲ, ಆದರೆ ತಳದ ಗರಿಗರಿ ಅವರದರಲ್ಲೂ ಇಲ್ಲ.

ಬನ್ ಆದ ಮೇಲೆ ಬದನೆಕಾಯಿ, ಗೆಣಸು. ಬಚ್ಚಲ ಒಲೆಯ ಬೂದಿಯಲ್ಲಿ ಹುದುಗಿಸಿ ಸುಟ್ಟ ಗೆಣಸು ತಿಂದು ಬೆಳೆದವರಿಗೆ ರುಚಿ ಹೇಳಬೇಕಾಗಿಲ್ಲ. ರಾತ್ರಿ ಮಲಗುವ ಮುಂಚೆ ನೆನೆಸಿದ ಹುರುಳಿಕಾಳನ್ನು ನೀರಿನ ಜೊತೆ ಮುಚ್ಚಳದ ಪಾತ್ರೆಯಲ್ಲಿಟ್ಟು ಬಾಗಿಲು ಹಾಕಿದರೆ ಬೆಳಿಗ್ಗೆಗೆ ಬೆಂದಿರುತ್ತದೆ. ಕೊನೆಯ ಬಿಸಿಗೆ ಮುಂದಿನ ಸಲದ ಸೌದೆ ಜೋಡಿಸಿಟ್ಟರೆ ಅದೂ ಒಣಗುತ್ತದೆ.

ಪಕ್ಕದ ಮನೆಯವರು ಹೊಗೆ ಅಂತ ಜಗಳಕ್ಕೆ ಬಂದರೆ?

ಹೊಗೆ ಬರುವುದು ಮೊದಲ ಇಪ್ಪತ್ತು ನಿಮಿಷ, ಅದೂ ಸೌದೆ ಹಸಿಯಾಗಿದ್ದರೆ ಜಾಸ್ತಿ. ಅವರ ಬಟ್ಟೆ ಒಣಗುವ ತಂತಿ ನೋಡಿಕೊಂಡು ಹೊತ್ತಿಸಿ. 30x40 ಅಡಿ ಸೈಟಿನಲ್ಲಿ ಕಾಂಪೌಂಡಿಗೆ ಅಂಟಿಸಿ ಕಟ್ಟುವುದಾದರೆ ಮೊದಲೇ ಹೇಳಿ, ಒಪ್ಪದಿದ್ದರೆ ಬಿಟ್ಟುಬಿಡಿ. ಮುಚ್ಚಿದ ಶೆಡ್ಡು, ಗ್ಯಾರೇಜಿನೊಳಗೆ ಇದನ್ನು ಎಂದೂ ಹೊತ್ತಿಸಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ಪಕ್ಕದ ಅಜ್ಜಿಯ ಬಾಟಲಿ ಸಿಟ್ಟು ಎರಡನೇ ಸಲದ ಖಾರಾ ಬನ್‌ಗೆ ಇಳಿಯಿತು.

ಹೊತ್ತಿಸುವ ಮುಂಚೆ ಏನಾದರೂ ನೋಡಬೇಕಾ?

ಟಾರ್ಚ್ ಹಾಕಿ ಒಳಗೆ ನೋಡಿ. ಪ್ರತಿ ಸಲವೂ. ಬೆಚ್ಚಗಿನ, ಕತ್ತಲೆಯ, ಮಳೆ ಬೀಳದ ಗೂಡು ಅದು. ಊರಾಚೆಯ ಬಡಾವಣೆಗಳಲ್ಲಿ ಹಾವೂ ಇರಬಹುದು. ಕಳೆದ ವರ್ಷ ನಾನು ಎರಡು ದಿನ ಬಾಗಿಲು ಮುಚ್ಚದೆ ಬಿಟ್ಟಿದ್ದೆ. ಭಾನುವಾರ ಸೌದೆ ಹಿಡಿದು ಬಗ್ಗಿದರೆ ಒಳಗೆ ಬೀದಿಯ ಬೆಕ್ಕು, ಜೊತೆಗೆ ಕಣ್ಣು ಬಿಡದ ಮೂರು ಮರಿ. ಆ ತಿಂಗಳು ಬಂದವರಿಗೆಲ್ಲ ಉಪ್ಪಿಟ್ಟೇ ಗತಿಯಾಯಿತು.